ಚಂದ್ರನ ಮೇಲೆ ಇಳಿಯುವ ಮೊದಲು ನಮ್ಮ ನೆಲದ ಮೇಲೆ ಇಳಿದದ್ದು

ವೇಮಗಲ್ ಅಂದರೆ ಕೋಲಾರದ ಕಡೆಯವರನ್ನು ಬಿಟ್ಟು ಉಳಿದವರಿಗೆ ಬೇಗ ಹೊಳೆಯುವ ಹೆಸರಲ್ಲ. ಕೋಲಾರದಿಂದ ಚಿಕ್ಕಬಳ್ಳಾಪುರದ ರಸ್ತೆ ಹಿಡಿದರೆ ಸಿಗುವ ಹೋಬಳಿ ಊರು. ಹತ್ತಿರದಲ್ಲೇ ಸೀತಿ ಬೆಟ್ಟ, ಬೆಟ್ಟದ ಮೇಲೆ ಭೈರವೇಶ್ವರ. ಸುತ್ತಮುತ್ತ ಟೊಮ್ಯಾಟೊ, ಮಾವು, ರೇಷ್ಮೆ, ಹಾಲು. ಈಚೆಗೆ ಒಂದು ದೊಡ್ಡ ಕೈಗಾರಿಕಾ ಪ್ರದೇಶವೂ ಸೇರಿಕೊಂಡಿದೆ. ಇಂಥ ಊರಿನ ಹೆಸರು ಹೇಳಿಕೊಂಡು ಬೇರೆ ಲೋಕದಲ್ಲಿ ರೋವರ್ ಇಳಿಸುವ ಕಥೆ ಶುರು ಮಾಡಿದರೆ "ಎಲ್ಲಿಯ ವೇಮಗಲ್, ಎಲ್ಲಿಯ ಮಂಗಳ?" ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ, ಸಂಬಂಧ ಇದೆ. ಕೊನೆಗೆ ಬರ್ತೀನಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡೋಣ. ನಮ್ಮ ದೇಶ ಇಲ್ಲಿಯವರೆಗೆ ರೋವರ್ ಇಳಿಸಿರುವುದು ಚಂದ್ರನ ಮೇಲೆ. ಚಂದ್ರ ಗ್ರಹವಲ್ಲ, ಉಪಗ್ರಹ ಅಂತ ಮೂರನೇ ಕ್ಲಾಸಿನ ಮಕ್ಕಳೂ ತಿದ್ದುತ್ತಾರೆ. ಆದರೆ ಯಾವ ದೇವಸ್ಥಾನಕ್ಕಾದರೂ ಹೋಗಿ ನವಗ್ರಹಗಳ ಕಟ್ಟೆ ನೋಡಿ, ಅಲ್ಲಿ ಮಂಗಳನ ಜೊತೆಗೆ ಚಂದ್ರನೂ ನಿಂತಿದ್ದಾನೆ. ಹಾಗಾಗಿ ಈ ಬರಹದ ಮಟ್ಟಿಗೆ ನಮ್ಮ ಅಜ್ಜಿಯರ ಲೆಕ್ಕವನ್ನೇ ಇಟ್ಟುಕೊಳ್ಳೋಣ. :-)

ಮೊದಲನೇ ಪ್ರಶ್ನೆ: ರೋವರ್ ಇಳಿಯುವುದರಲ್ಲಿ ಅಷ್ಟೊಂದು ರೋಮಾಂಚನ ಯಾಕೆ? ಉಪಗ್ರಹಗಳು ಎಷ್ಟೋ ಹಾರಿವೆ, ಇನ್ನೂ ಹಾರುತ್ತಿವೆ. ಅವು ಕಕ್ಷೆ ಸೇರಿದ ಸುದ್ದಿ ಬಂದರೆ ಪೇಪರಿನಲ್ಲಿ ಓದಿ ಮಡಚಿಡುತ್ತೇವೆ. ಆದರೆ ಆರು ಚಕ್ರದ ಒಂದು ಪುಟ್ಟ ಬಂಡಿ ಬೇರೆ ಲೋಕದ ಮಣ್ಣಿನ ಮೇಲೆ ಇಳಿಯುತ್ತದೆ ಅಂದರೆ ಕೆಲಸ ಬಿಟ್ಟು ಟಿವಿ ಮುಂದೆ ಕೂರುತ್ತೇವೆ. ನನಗನ್ನಿಸುವ ಕಾರಣ ಸರಳ. ಕಕ್ಷೆ ನಮ್ಮ ಅನುಭವಕ್ಕೆ ಸಿಗುವ ವಸ್ತುವಲ್ಲ. ನೆಲ, ಚಕ್ರ, ಗುಂಡಿ, ಕಲ್ಲು, ಇಳಿಜಾರು ಇವೆಲ್ಲ ನಮಗೆ ಗೊತ್ತು. ಹೊಲದ ದಾರಿಯಲ್ಲಿ ಗಾಡಿ ಹೊಡೆದವರಿಗೆ ರೋವರಿನ ಕಷ್ಟ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಕಾರಣ ಕಾಯುವಿಕೆ. ಮಂಗಳ ಇರುವ ದೂರಕ್ಕೆ ತಕ್ಕಂತೆ ಅಲ್ಲಿಂದ ರೇಡಿಯೋ ಸಂಕೇತ ಭೂಮಿಗೆ ಬರಲು ೩ ರಿಂದ ೨೨ ನಿಮಿಷ ಬೇಕು. ವಾತಾವರಣದ ಅಂಚಿನಿಂದ ನೆಲ ಮುಟ್ಟಲು ಸುಮಾರು ೭ ನಿಮಿಷ. ೨೦೧೨ರ ಆಗಸ್ಟ್ ೬ರಂದು ನಾಸಾದ ಕ್ಯೂರಿಯಾಸಿಟಿ ಇಳಿದಾಗ ಸಂಕೇತದ ದಾರಿ ೧೪ ನಿಮಿಷದ್ದಾಗಿತ್ತು. ಇದರ ಅರ್ಥ ನೋಡಿ. "ಈಗ ವಾತಾವರಣ ಹೊಕ್ಕಿತು" ಅನ್ನುವ ಸುದ್ದಿ ಭೂಮಿಗೆ ತಲುಪುವ ಹೊತ್ತಿಗೆ ಆ ಬಂಡಿ ನೆಲ ಮುಟ್ಟಿ ಆಗಲೇ ೭ ನಿಮಿಷ ಕಳೆದಿತ್ತು. ಬದುಕಿತ್ತೋ, ಚೂರಾಗಿತ್ತೋ, ಅದು ತೀರ್ಮಾನವಾಗಿಬಿಟ್ಟಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತವರು ನಿಯಂತ್ರಿಸುತ್ತಿರಲಿಲ್ಲ, ಬರೀ ಕಾಯುತ್ತಿದ್ದರು. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ಕೊಟ್ಟು ಬಂದ ಮೇಲೆ ರಿಸಲ್ಟಿಗೆ ಕಾಯುತ್ತೀವಲ್ಲ, ಹಾಗೆ. ಬರೆದದ್ದು ಬರೆದಾಗಿದೆ, ಇನ್ನೇನೂ ಬದಲಾಗುವುದಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ.

ಈ ಕಥೆ ಶುರುವಾಗಿದ್ದು ನಮ್ಮಲ್ಲಲ್ಲ, ಸೋವಿಯತ್ ಒಕ್ಕೂಟದಲ್ಲಿ. ೧೯೭೦ರ ನವೆಂಬರ್ ೧೭ರಂದು ಲೂನಾ-೧೭ ಚಂದ್ರನ ಮೇಲೆ ಇಳಿದು, ಅದರೊಳಗಿಂದ ಲುನಖೋದ್-೧ ಎಂಬ ಎಂಟು ಚಕ್ರದ ಬಂಡಿ ಹೊರಬಂತು. ಸುಮಾರು ಮುಕ್ಕಾಲು ಟನ್ ತೂಕ. ಭೂಮಿಯಲ್ಲಿ ಕುಳಿತ ಐದು ಜನರ ತಂಡ ಅದನ್ನು ಓಡಿಸುತ್ತಿತ್ತು. ಹತ್ತು ತಿಂಗಳಲ್ಲಿ ಸುಮಾರು ಹತ್ತೂವರೆ ಕಿಲೋಮೀಟರ್ ಓಡಿತು. ಬೇರೆ ಲೋಕದಲ್ಲಿ ಓಡಿದ ಮೊದಲ ಯಂತ್ರ ಅದೇ.

ಮಂಗಳದ ಮೇಲಿನ ಮೊದಲ ರೋವರ್ ಯಾವುದು ಅಂತ ಕೇಳಿದರೆ ಬಹಳ ಜನ ೧೯೯೭ರ ಸೊಜರ್ನರ್ ಅನ್ನುತ್ತಾರೆ. ಓಡಿದ ಮೊದಲ ರೋವರ್ ಅದೇ, ನಿಜ. ಆದರೆ ಮೆತ್ತಗೆ ಇಳಿದ ಮೊದಲನೆಯದು ಬೇರೆ. ೧೯೭೧ರ ಡಿಸೆಂಬರ್ ೨ರಂದು ಸೋವಿಯತ್ತಿನ ಮಾರ್ಸ್-೩ ಮಂಗಳದ ನೆಲ ಮುಟ್ಟಿತು. ಅದರೊಳಗೆ ನಾಲ್ಕೂವರೆ ಕಿಲೋ ತೂಕದ ಪುಟ್ಟ ಪೆಟ್ಟಿಗೆಯೊಂದಿತ್ತು. ಚಕ್ರ ಇಲ್ಲ, ಹಿಮದ ಮೇಲೆ ಜಾರುವ ಹಲಗೆಗಳಂಥ ಕಾಲುಗಳು. ಹಗ್ಗ ಕಟ್ಟಿದ ಕರುವಿನ ಹಾಗೆ ೧೫ ಮೀಟರ್ ಕೇಬಲ್ಲಿನಷ್ಟು ದೂರ ಮಾತ್ರ ಹೋಗಬಲ್ಲದು. ಇಳಿದ ಮೇಲೆ ಲ್ಯಾಂಡರ್ ಸುಮಾರು ೨೦ ಸೆಕೆಂಡು ಮಾತನಾಡಿ ಶಾಶ್ವತವಾಗಿ ಸುಮ್ಮನಾಯಿತು. ಆ ಪುಟ್ಟ ಪೆಟ್ಟಿಗೆ ಹೊರಗೆ ಕಾಲಿಡಲೇ ಇಲ್ಲ. ಅಷ್ಟು ದೂರ ಹೋಗಿ ಬಾಗಿಲು ತೆರೆಯದೇ ಕುಳಿತ ಆ ಬಂಡಿಯ ನೆನಪಾದಾಗಲೆಲ್ಲ ಏನೋ ಒಂಥರಾ ಸಂಕಟ.

೧೯೯೭ರ ಜುಲೈ ೪ರಂದು ಅಮೆರಿಕದ ಪಾತ್‌ಫೈಂಡರ್ ಗಾಳಿಚೀಲಗಳನ್ನು ಸುತ್ತಿಕೊಂಡು ಮಂಗಳದ ಮೇಲೆ ಚೆಂಡಿನಂತೆ ಪುಟಿಪುಟಿದು ನಿಂತಿತು. ಅದರಿಂದ ಇಳಿದ ಸೊಜರ್ನರ್ ಬರೀ ಹತ್ತೂವರೆ ಕಿಲೋ. ಹೆಸರಿಟ್ಟಿದ್ದು ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ೧೨ ವರ್ಷದ ಹುಡುಗಿ. ೨೦೦೪ರ ಜನವರಿಯಲ್ಲಿ ಸ್ಪಿರಿಟ್, ಆಪರ್ಚುನಿಟಿ ಎಂಬ ಜೋಡಿ ಇಳಿಯಿತು. ತೊಂಬತ್ತು ದಿನ ಬದುಕಿದರೆ ಸಾಕು ಎಂದು ಕಳಿಸಿದ್ದು. ಆಪರ್ಚುನಿಟಿ ೨೦೧೮ರ ಜೂನ್ ತನಕ ಮಾತನಾಡಿತು, ೪೫ ಕಿಲೋಮೀಟರ್ ದಾಟಿತು. ಕೋಲಾರದಿಂದ ಹೊಸಕೋಟೆ ಕಡೆ ಹೊರಟು ಹದಿನಾಲ್ಕು ವರ್ಷ ನಡೆದ ಹಾಗೆ ಅಂದುಕೊಳ್ಳಿ!

ಇನ್ನು ೨೦೨೧ರ ಫೆಬ್ರವರಿ. ನಮ್ಮ ಲೆಕ್ಕದಲ್ಲಿ ೧೯ನೇ ತಾರೀಖು ಬೆಳಗಿನ ಜಾವ ಎರಡೂವರೆಯ ಸುಮಾರು. ಪರ್ಸಿವಿಯರೆನ್ಸ್ ಮಂಗಳದ ಜೆಜೆರೋ ಕುಳಿಯಲ್ಲಿ ಇಳಿಯಿತು. ತೂಕ ಒಂದು ಟನ್‌ಗೂ ಸ್ವಲ್ಪ ಹೆಚ್ಚು. ನೆಲ ಮುಟ್ಟಿದ ಸುದ್ದಿಯನ್ನು ಜಗತ್ತಿಗೆ ಹೇಳಿದ ದನಿ ಹಣೆಗೆ ಬಿಂದಿ ಇಟ್ಟುಕೊಂಡು ಕುಳಿತಿದ್ದ ಸ್ವಾತಿ ಮೋಹನ್ ಅವರದ್ದು. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, ಒಂದು ವರ್ಷದ ಮಗುವಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. ಆ ನೌಕೆಗೆ ದಾರಿ ತೋರಿಸುವ, ಅದರ ಭಂಗಿ ಕಾಯುವ ವ್ಯವಸ್ಥೆಯ ಕಾರ್ಯಾಚರಣೆಯನ್ನು ಮುನ್ನಡೆಸಿದ್ದು ಅವರೇ. ಮರುದಿನ ನಮ್ಮ ಪೇಪರುಗಳಲ್ಲೆಲ್ಲ ಅದೇ ಫೋಟೋ.

ಅದೇ ರೋವರಿನ ಹೊಟ್ಟೆಗೆ ಕಟ್ಟಿಕೊಂಡು ಹೋದ ಇನ್ನೊಂದು ಯಂತ್ರವಿತ್ತು, ಇಂಜೆನ್ಯುಯಿಟಿ ಎಂಬ ಪುಟಾಣಿ ಹೆಲಿಕಾಪ್ಟರ್. ೨೦೨೧ರ ಏಪ್ರಿಲ್ ೧೯ರಂದು ೩೯ ಸೆಕೆಂಡು ಹಾರಿತು. ಬೇರೆ ಗ್ರಹದ ಗಾಳಿಯಲ್ಲಿ ಎಂಜಿನ್ ಬಲದಿಂದ, ಹಿಡಿತದಲ್ಲಿ ಹಾರಿದ ಮೊದಲ ವಾಹನ. ಐದು ಸಲ ಹಾರಿದರೆ ಸಾಕು ಅಂದುಕೊಂಡಿದ್ದು, ೨೦೨೪ರ ಜನವರಿಯ ಹೊತ್ತಿಗೆ ೭೨ ಸಲ ಹಾರಿತ್ತು. ಅದರ ಮುಖ್ಯ ಎಂಜಿನಿಯರ್ ಜೆ. ಬಾಬ್ ಬಲರಾಮ್ ಓದಿದ ಶಾಲೆ ಯಾವುದು ಗೊತ್ತೆ? ರಿಷಿ ವ್ಯಾಲಿ. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ದಾಟಿದರೆ ಆಂಧ್ರದ ಮದನಪಲ್ಲಿ, ಅದರ ಹತ್ತಿರವೇ ಆ ಕಣಿವೆ. ಅಂದರೆ ನಮ್ಮ ಮಾವಿನ ತೋಪುಗಳ ಆಚೆ ಬದಿಯಲ್ಲಿ ಓದಿದ ಹುಡುಗ ಮಂಗಳದ ತೆಳುಗಾಳಿಯಲ್ಲಿ ರೆಕ್ಕೆ ತಿರುಗಿಸಿದ.

ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಹೊರಗೆ ಹೋಗಿ ಗೆದ್ದವರ ಹೆಸರು ಹುಡುಕಿ "ನಮ್ಮವರು, ನಮ್ಮವರು" ಅನ್ನುವುದು ಸುಲಭದ ಹೆಮ್ಮೆ. ನಾನು ಹೇಳಹೊರಟಿದ್ದು ಇನ್ನೊಂದು ಥರದ್ದು. ರೋವರ್ ಇಳಿಸುವ ಕೆಲಸ ಆಕಾಶದಲ್ಲಿ ನಡೆಯುವುದು ಕೆಲವು ನಿಮಿಷ ಮಾತ್ರ. ಉಳಿದದ್ದೆಲ್ಲ ನೆಲದ ಮೇಲೆ ವರ್ಷಾನುಗಟ್ಟಲೆ ನಡೆಯುತ್ತದೆ. ನಮ್ಮ ಪ್ರಗ್ಯಾನ್ ಬಂಡಿಯ ವಿಷಯದಲ್ಲಿ ಆ ನೆಲದ ಬಹುಭಾಗ ಕರ್ನಾಟಕದ್ದು.

*

ಪೀಣ್ಯದಿಂದ ಶುರು ಮಾಡೋಣ. ೧೯೭೦ರ ದಶಕದ ಆರಂಭ. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರಿಗೆ ದೇಶದ ಮೊದಲ ಉಪಗ್ರಹ ಕಟ್ಟುವ ಕೆಲಸ ಬಂತು. ಅಮೆರಿಕದಲ್ಲಿದ್ದಾಗ ಮ್ಯಾರಿನರ್-೨ ನೌಕೆಯ ಮಾಹಿತಿ ಹಿಡಿದು ಸೌರ ಮಾರುತದ ಬಗ್ಗೆ ಕೆಲಸ ಮಾಡಿದ್ದವರು ಅವರು. ಮ್ಯಾರಿನರ್-೨ ಅಂದರೆ ೧೯೬೨ರಲ್ಲಿ ಶುಕ್ರನ ಪಕ್ಕದಿಂದ ಹಾದು, ಬೇರೊಂದು ಗ್ರಹದಿಂದ ಮಾಹಿತಿ ಕಳಿಸಿದ ಮೊದಲ ನೌಕೆ. ಅಂಥವರು ಬಂದು ಕೂತದ್ದು ಪೀಣ್ಯ ಕೈಗಾರಿಕಾ ವಸಾಹತಿನ ಶೀಟು ಹೊದಿಸಿದ ಶೆಡ್ಡುಗಳಲ್ಲಿ. ಅಲ್ಲಿ ತಯಾರಾದ ಆರ್ಯಭಟ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದರ ಸಂಕೇತ ಹಿಡಿಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಕೇಂದ್ರ ಮಾಡಿಕೊಂಡಿದ್ದರು ಎನ್ನುವುದು ಇಸ್ರೋದವರು ಈಗಲೂ ನಗುತ್ತಾ ಹೇಳುವ ಕಥೆ.

ಆಮೇಲೆ ಎತ್ತಿನಗಾಡಿಯ ಮೇಲೆ ಕುಳಿತ ಆಪಲ್ ಉಪಗ್ರಹದ ಫೋಟೋ. ನೀವೆಲ್ಲ ನೋಡೇ ಇರ್ತೀರಿ. ೧೯೮೧ರದ್ದು. ಅದನ್ನು ಬಡತನದ ಚಿತ್ರ ಅಂತ ತೋರಿಸುವವರು ಬಹಳ. ವಿದೇಶಿ ಪತ್ರಿಕೆಗಳಲ್ಲಿ ಗೇಲಿಯ ಕಾರ್ಟೂನುಗಳಿಗೂ ಎತ್ತೇ ಬೇಕು. ಆದರೆ ಅಸಲು ಕಾರಣ ಬೇರೆ. ಆಂಟೆನಾದ ಪರೀಕ್ಷೆಯನ್ನು ಬಯಲಿನಲ್ಲಿ ಮಾಡಬೇಕಿತ್ತು. ಲೋಹದ ಲಾರಿಯ ಮೇಲಿಟ್ಟರೆ ರೇಡಿಯೋ ಅಲೆಗಳು ಲೋಹಕ್ಕೆ ಬಡಿದು ಲೆಕ್ಕ ತಪ್ಪುತ್ತದೆ. ಮರದ ಗಾಡಿಗೆ ಆ ತೊಂದರೆ ಇಲ್ಲ. ಇದ್ದುದರಲ್ಲೇ ಸರಿಯಾದ ಸಾಧನ ಯಾವುದೋ ಅದನ್ನು ಹಿಡಿದರು, ಅಷ್ಟೆ. ಅದು ಬುದ್ಧಿವಂತಿಕೆಯ ಚಿತ್ರ.

೨೦೦೮ರ ಅಕ್ಟೋಬರ್ ೨೨ರಂದು ಚಂದ್ರಯಾನ-೧ ಹೊರಟಿತು. ಚಂದ್ರನಷ್ಟು ದೂರದ ಪಿಸುಮಾತು ಕೇಳಲು ಬೆಂಗಳೂರಿನ ಹೊರಗೆ ಬ್ಯಾಲಾಳು ಎಂಬ ಹಳ್ಳಿಯಲ್ಲಿ ೩೨ ಮೀಟರ್ ಅಗಲದ ಬಟ್ಟಲಿನಂಥ ಆಂಟೆನಾ ಎದ್ದಿತ್ತು. ಅದೇ ವರ್ಷ ನವೆಂಬರ್ ೧೪ರಂದು ನೌಕೆಯಿಂದ ಬಿಟ್ಟ ಒಂದು ಪೆಟ್ಟಿಗೆ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಬಡಿಯಿತು. ಅದು ಇಳಿದದ್ದಲ್ಲ, ಬೇಕೆಂದೇ ಬೀಳಿಸಿದ್ದು. ಆದರೂ ನಮ್ಮ ಕೈಯಿಂದ ಹೋದ ವಸ್ತು ಆ ನೆಲ ಮುಟ್ಟಿದ್ದು ಅದೇ ಮೊದಲು.

ಮುಂದಿನ ಹೆಜ್ಜೆ ಮೆತ್ತಗೆ ಇಳಿಯುವುದು. ಮೂಲ ಯೋಜನೆಯಲ್ಲಿ ಲ್ಯಾಂಡರ್ ರಷ್ಯಾದ್ದು. ೨೦೦೭ರಲ್ಲೇ ಒಪ್ಪಂದವಾಗಿತ್ತು. ೨೦೧೧ರ ನವೆಂಬರಿನಲ್ಲಿ ಮಂಗಳದ ಉಪಗ್ರಹ ಫೋಬೋಸ್‌ಗೆ ಹೊರಟ ರಷ್ಯಾದ ನೌಕೆ ಭೂಮಿಯ ಕಕ್ಷೆ ಬಿಟ್ಟು ಕದಲಲೇ ಇಲ್ಲ. ಆ ಸೋಲಿನ ಮೇಲೆ ಅವರ ಲ್ಯಾಂಡರ್ ತಡವಾಗುತ್ತಾ ಹೋಯಿತು. ಕೊನೆಗೆ ನಾವೇ ಮಾಡುತ್ತೇವೆ ಎಂದು ಇಸ್ರೋ ಹೊರಟಿತು. ಮಂಗಳನ ರೋವರುಗಳ ಕಥೆಯನ್ನು ಓದಿಕೊಂಡಿದ್ದವರಿಗೆ ಇದೆಷ್ಟು ದೊಡ್ಡ ಮಾತು ಅಂತ ಗೊತ್ತು.

ಪಕ್ಕದಲ್ಲೇ ಒಂದು ಸಿಹಿ ಸುದ್ದಿಯೂ ಬಂತು. ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳಯಾನ ಮೊದಲ ಪ್ರಯತ್ನದಲ್ಲೇ ಮಂಗಳನ ಕಕ್ಷೆ ಸೇರಿತು. ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದಲೇ ಅದರ ನಿಯಂತ್ರಣ. ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದ ಇಸ್ರೋದ ಮಹಿಳೆಯರು ಕೈ ಹಿಡಿದು ನಗುತ್ತಿದ್ದ ಫೋಟೋ ಲೋಕವನ್ನೇ ಸುತ್ತಿತು. ಆದರೆ ಅದು ಸುತ್ತುವ ನೌಕೆ. ಮಂಗಳದ ಮಣ್ಣು ನಮಗೆ ಇನ್ನೂ ಬಾಕಿ ಇದೆ.

*

ಈಗ ಚಳ್ಳಕೆರೆಗೆ ಹೋಗೋಣ. ಈ ಕಥೆಯ ನಡುಮನೆ ಅದೇ.

ಲ್ಯಾಂಡರ್ ಚಂದ್ರನ ಮೇಲೆ ಇಳಿಯುವಾಗ ಕೆಳಗೆ ನೋಡಿ ಗುಂಡಿ ಎಲ್ಲಿ, ಸಮ ಎಲ್ಲಿ ಅಂತ ತಾನೇ ತೀರ್ಮಾನಿಸಬೇಕು. ಅದರ ಕಣ್ಣುಗಳನ್ನು ಪರೀಕ್ಷಿಸಲು ಭೂಮಿಯ ಮೇಲೇ ಚಂದ್ರನಂಥ ನೆಲ ಬೇಕು. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಗುಳಿಗಳನ್ನು ತೋಡಿಸಿತು. ಚಂದ್ರನ ಕುಳಿಗಳಂತೆಯೇ ದುಂಡಗೆ, ಹತ್ತು ಮೀಟರಿನಷ್ಟು ಅಗಲ, ಮೂರು ಮೀಟರಿನಷ್ಟು ಆಳ. ಲ್ಯಾಂಡರಿನ ಸೆನ್ಸರುಗಳನ್ನು ವಿಮಾನಕ್ಕೆ ಕಟ್ಟಿ ಅದರ ಮೇಲೆ ಹಾರಿಸಿದರು. ಅತ್ತ ಬೆಂಗಳೂರಿನಲ್ಲಿ ರೋವರಿನ ಚಕ್ರಗಳಿಗೆ ಬೇರೆ ಪರೀಕ್ಷೆ. ಚಂದ್ರನ ಎತ್ತರದ ಪ್ರದೇಶದ ಕಲ್ಲನ್ನು ಹೋಲುವ ಅನಾರ್ಥೊಸೈಟ್ ಎಂಬ ಕಲ್ಲು ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿಯಲ್ಲಿ ಸಿಗುತ್ತದೆ. ಅದನ್ನು ತಂದು, ಪುಡಿ ಮಾಡಿ, ಹರಡಿ ಅದರ ಮೇಲೆ ಬಂಡಿ ಓಡಿಸಿದರು. ಚಂದ್ರನಲ್ಲಿ ತೂಕ ಇಲ್ಲಿಯ ಆರನೇ ಒಂದು ಭಾಗ ತಾನೆ? ಅದಕ್ಕೆ ರೋವರಿಗೆ ಹೀಲಿಯಂ ಬಲೂನು ಕಟ್ಟಿ ಭಾರ ಇಳಿಸಿದರು. ಜಾತ್ರೆಯಲ್ಲಿ ಬಲೂನು ಹಿಡಿದು ನಡೆಯುವ ಮಗುವಿನ ಹಾಗೆ ನಡೆದಿರಬೇಕು ಪ್ರಗ್ಯಾನ್!

ಆದರೆ ಕಾವಲು ಅಂದರೆ ಖಾಲಿ ಜಾಗ ಅಲ್ಲ. ಇದನ್ನು ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಅದು ಅಮೃತ ಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದದ್ದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದದ್ದು. ಮೈಸೂರು ಸೈನ್ಯದ ಫಿರಂಗಿ ಎಳೆದ ಎತ್ತುಗಳು ಮೇದು ಬೆಳೆದ ಹುಲ್ಲುಗಾವಲು. ರಾಜರು ಹೋದ ಮೇಲೆ ಸುತ್ತಲಿನ ಹಳ್ಳಿಗಳ ದನ, ಕುರಿ ಅಲ್ಲಿ ಮೇಯುತ್ತಿದ್ದವು. ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಹುಲ್ಲಿನ ಮರೆಯಲ್ಲಿ ಕೃಷ್ಣಮೃಗ, ಅಪರೂಪದ ಹಕ್ಕಿಗಳು.

೨೦೦೯ರಿಂದ ಈಚೆಗೆ ಆ ಹುಲ್ಲುಗಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಡಿಆರ್‌ಡಿಒ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮೊದಲಾದವಕ್ಕೆ ಕೊಡಲಾಯಿತು. ಅದರಲ್ಲಿ ಇಸ್ರೋದ ಪಾಲು ಆರು ನೂರು ಎಕರೆಯೊಳಗೇ, ಬಹಳ ಚಿಕ್ಕದು. ಬೇಲಿ, ಗೋಡೆ ಎದ್ದಾಗ ಕುರಿ ಮೇಯಿಸುವವರಿಗೆ ದಾರಿ ಮುಚ್ಚಿತು. ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಇದನ್ನು ಬರೆದರೆ ಇಬ್ಬರಿಗೂ ಸಿಟ್ಟು ಬರುತ್ತದೆ ಅಂತ ಗೊತ್ತು. "ಚಂದ್ರನ ಮೇಲೆ ಹೋಗುವಾಗ ಕುರಿಯ ಮಾತು ಯಾಕೆ" ಅನ್ನುವವರು ಒಂದು ಕಡೆ. "ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಚಂದ್ರ ಯಾಕೆ" ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತೆ. ಚಂದ್ರನ ಮೇಲೆ ಇಳಿಯಲೇಬೇಕು. ಆದರೆ ನೆಲ ಕೊಟ್ಟವರ ಹೆಸರೂ ಆ ಇಳಿಯುವಿಕೆಯ ಲೆಕ್ಕದಲ್ಲಿ ಇರಬೇಕು. ರಾಕೆಟ್ಟಿನ ಖರ್ಚು ಕೋಟಿಗಳಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಹುಲ್ಲಿನ ಖರ್ಚನ್ನು ಯಾರೂ ಬರೆದಿಡುವುದಿಲ್ಲ.

*

೨೦೧೯ರ ಜುಲೈ ೨೨ರಂದು ಚಂದ್ರಯಾನ-೨ ಹೊರಟಿತು. ಸೆಪ್ಟೆಂಬರ್ ೭ರ ನಡುರಾತ್ರಿ ಕಳೆದು ವಿಕ್ರಮ್ ಇಳಿಯತೊಡಗಿತು, ಹೊಟ್ಟೆಯೊಳಗೆ ೨೭ ಕಿಲೋದ ಪ್ರಗ್ಯಾನ್. ೨.೧ ಕಿಲೋಮೀಟರ್ ಎತ್ತರದವರೆಗೂ ಎಲ್ಲ ಸರಿ ಇತ್ತು ಎಂದು ಹೇಳಿ ಇಸ್ರೋ ಅಧ್ಯಕ್ಷ ಕೆ. ಶಿವನ್ ಮಾತು ನಿಲ್ಲಿಸಿದಾಗ ಆ ಕೋಣೆಯ ಮೌನವನ್ನು ದೇಶವೇ ಕೇಳಿಸಿಕೊಂಡಿತು. ಬೆಳಿಗ್ಗೆ ಪ್ರಧಾನಿಯ ಹೆಗಲ ಮೇಲೆ ಅವರು ಅತ್ತದ್ದನ್ನೂ ನೋಡಿತು. ಅದನ್ನು ಆಡಿಕೊಂಡವರಿದ್ದರು. ಆದರೆ ೧೯೭೧ರ ಆ ಬಾಗಿಲು ತೆರೆಯದ ಬಂಡಿಯನ್ನು ನೆನೆಸಿಕೊಳ್ಳಿ. ವರ್ಷಗಟ್ಟಲೆ ಸಾಕಿದ್ದು ಕಣ್ಣೆದುರೇ ಕಳೆದುಹೋದಾಗ ಬರುವ ಅಳುವಿಗೆ ದೇಶ, ಭಾಷೆ ಇಲ್ಲ.

ಅತ್ತ ಮೇಲೆ ಏನು ಮಾಡಿದರು ಅನ್ನುವುದು ಮುಖ್ಯ. ಲೆಕ್ಕ ತೆಗೆದು ಕೂತರು. ಐದು ಎಂಜಿನ್ನುಗಳು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಬಲ ಕೊಟ್ಟಿದ್ದವು. ತಪ್ಪು ಕೂಡುತ್ತಾ ಹೋಗಿತ್ತು. ಸರಿಪಡಿಸಿಕೊಳ್ಳಲು ಬೇಗ ತಿರುಗಬೇಕಾದಾಗ ತಿರುಗುವ ವೇಗಕ್ಕೆ ಮಿತಿ ಹಾಕಿತ್ತು. ಇಳಿಯಲು ಗುರುತಿಸಿದ ಜಾಗವೂ ಚಿಕ್ಕದು, ಅರ್ಧ ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಚಂದ್ರಯಾನ-೩ರಲ್ಲಿ ಅದನ್ನು ೪ ಕಿಮೀ ಉದ್ದ, ೨.೪ ಕಿಮೀ ಅಗಲ ಮಾಡಿದರು. ನಡುವಿನ ಎಂಜಿನ್ ತೆಗೆದರು. ಇಂಧನ ಹೆಚ್ಚಿಸಿದರು. ಕಾಲು ಗಟ್ಟಿ ಮಾಡಿದರು. ವೇಗ ಅಳೆಯುವ ಹೊಸ ಲೇಸರ್ ಉಪಕರಣ ಸೇರಿಸಿದರು. ಹೆಲಿಕಾಪ್ಟರಿಗೆ ಕಟ್ಟಿ ಒಂದು ಪರೀಕ್ಷೆ, ದೊಡ್ಡ ಕ್ರೇನಿಗೆ ಕಟ್ಟಿ ಇನ್ನೊಂದು. ಹೇಗೆ ಗೆಲ್ಲಬಹುದು ಅಂತ ಯೋಚಿಸುವ ಬದಲು ಯಾವ ಯಾವ ರೀತಿ ಸೋಲಬಹುದು, ಸೋತರೂ ಹೇಗೆ ಇಳಿಯಬಹುದು ಅಂತ ಯೋಚಿಸಿದರು. ಮಳೆ ನಂಬಿ ಬಿತ್ತುವವರ ಜಾಣತನ ಇದು. ಕೋಲಾರದವರಿಗೆ ಹೊಸದಲ್ಲ.

೨೦೨೩ರ ಜುಲೈ ೧೪ರಂದು ಚಂದ್ರಯಾನ-೩ ಹಾರಿದಾಗ ಕೋಲಾರ ಬೇರೆಯದೇ ಕಾರಣಕ್ಕೆ ರಾಷ್ಟ್ರಮಟ್ಟದ ಸುದ್ದಿಯಲ್ಲಿತ್ತು. ಎಪಿಎಂಸಿಯಲ್ಲಿ ೧೫ ಕೆಜಿ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು! ಆಗಸ್ಟ್ ಕೊನೆಯ ಹೊತ್ತಿಗೆ ಆ ಬೆಲೆ ದೊಪ್ಪನೆ ಬಿತ್ತು. ಟೊಮ್ಯಾಟೊ ಬೆಲೆಗೆ ಸಾಫ್ಟ್ ಲ್ಯಾಂಡಿಂಗ್ ಕಲಿಸುವವರು ಇನ್ನೂ ಹುಟ್ಟಿಲ್ಲ ನೋಡಿ.

ಆಗಸ್ಟ್ ೧೯ರಂದು ರಷ್ಯಾದ ಲೂನಾ-೨೫ ಚಂದ್ರನಿಗೆ ಬಡಿದು ಒಡೆಯಿತು. ನಾಲ್ಕೇ ದಿನ ಬಿಟ್ಟು, ೨೩ರ ಬುಧವಾರ ಸಂಜೆ, ನಮ್ಮ ಸರದಿ. ಸುಮಾರು ೫.೪೫ಕ್ಕೆ ೩೦ ಕಿಲೋಮೀಟರ್ ಎತ್ತರದಿಂದ ಇಳಿಯುವಿಕೆ ಶುರು. ವೇಗ ಸೆಕೆಂಡಿಗೆ ೧.೬೮ ಕಿಲೋಮೀಟರ್. ಆ ವೇಗದಲ್ಲಿ ವೇಮಗಲ್ಲಿನಿಂದ ಕೋಲಾರಕ್ಕೆ ಹತ್ತು ಸೆಕೆಂಡು! ಚಂದ್ರನಿಂದ ಸಂಕೇತ ಬರಲು ಒಂದೂಕಾಲು ಸೆಕೆಂಡು ಸಾಕು, ಮಂಗಳದಂತೆ ಕಾಯಬೇಕಿಲ್ಲ. ಆದರೂ ಇಳಿಯುವ ಕೆಲಸ ಪೂರ್ತಿ ಯಂತ್ರದ್ದೇ. ಬೆಂಗಳೂರಿನಿಂದ ಆಜ್ಞೆ ಕೊಟ್ಟು ಕೈ ಕಟ್ಟಿ ಕೂತರು. ಮೊದಲ ೬೯೦ ಸೆಕೆಂಡು ಜೋರು ಬ್ರೇಕು. ೭.೪ ಕಿಲೋಮೀಟರಿನಲ್ಲಿ ಹತ್ತು ಸೆಕೆಂಡು ಭಂಗಿ ಹಿಡಿದು ಕೆಳಗೆ ನೋಡುವುದು. ಮತ್ತೆ ಬ್ರೇಕು. ೧೫೦ ಮೀಟರಿನಲ್ಲಿ ನಿಂತು ಗುಂಡಿ ಹುಡುಕುವುದು. ಚಳ್ಳಕೆರೆಯ ಕಾವಲಿನಲ್ಲಿ ಕಲಿತ ಪಾಠ ಅಲ್ಲಿ ಪರೀಕ್ಷೆಗೆ ಬಂತು. ೬ ಗಂಟೆ ೪ ನಿಮಿಷದ ಹೊತ್ತಿಗೆ ಕಾಲು ನೆಲ ಮುಟ್ಟಿತು. ಅಧ್ಯಕ್ಷ ಎಸ್. ಸೋಮನಾಥ್, ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್, ಸಹ ನಿರ್ದೇಶಕಿ ಕೆ. ಕಲ್ಪನಾ ಒಬ್ಬೊಬ್ಬರಾಗಿ ಮಾತಾಡಿದರು. ಯೂಟ್ಯೂಬಿನಲ್ಲೊಂದರಲ್ಲೇ ಏಕಕಾಲಕ್ಕೆ ೮೦ ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು.

ಧೂಳು ಇಳಿಯಲೆಂದು ಕೆಲವು ಗಂಟೆ ಕಾದು ಬಾಗಿಲು ತೆರೆದರು. ೨೬ ಕಿಲೋದ ಪ್ರಗ್ಯಾನ್ ಜಾರುಹಲಗೆಯಿಂದ ಇಳಿಯಿತು. ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ. ಆಗಸ್ಟ್ ೨೭ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಕಂಡು ವಾಪಸ್ ತಿರುಗಿತು. ಒಟ್ಟು ನೂರು ಮೀಟರ್ ನಡೆಯಿತು. ಲೇಸರ್ ಹೊಡೆದು ಮಣ್ಣಿನ ಪರೀಕ್ಷೆ ಮಾಡುವ ಉಪಕರಣ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಗಂಧಕ ಇರುವುದನ್ನು ಅಲ್ಲೇ ನಿಂತು ಖಚಿತಪಡಿಸಿತು. ಆ ಉಪಕರಣವನ್ನೂ, ದಾರಿ ನೋಡುವ ಕ್ಯಾಮೆರಾಗಳನ್ನೂ ಮಾಡಿದ್ದು ಇಸ್ರೋದ ಲಿಯೋಸ್ ಪ್ರಯೋಗಾಲಯ. ಅದು ಇರುವುದು ಎಲ್ಲಿ? ಪೀಣ್ಯದಲ್ಲಿ, ಆರ್ಯಭಟ ತಯಾರಾದ ಅದೇ ಜಾಗದಲ್ಲಿ! ಶೀಟಿನ ಶೆಡ್ಡಿನಿಂದ ಚಂದ್ರನ ಗಂಧಕದ ತನಕ ೪೮ ವರ್ಷ, ಆದರೆ ವಿಳಾಸ ಬದಲಾಗಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಚಂದ್ರನಲ್ಲಿ ಸೂರ್ಯ ಇಳಿಯುವ ಮುನ್ನ ರೋವರನ್ನೂ ಲ್ಯಾಂಡರನ್ನೂ ಮಲಗಿಸಿದರು. ಸೆಪ್ಟೆಂಬರ್ ೨೨ರ ಸುಮಾರಿಗೆ ಮತ್ತೆ ಬೆಳಗಾದಾಗ ಕೂಗಿ ನೋಡಿದರು, ಏಳಲಿಲ್ಲ. ಬದುಕಬೇಕಿದ್ದ ಹದಿನಾಲ್ಕು ದಿನದ ಕೆಲಸ ಮುಗಿಸಿತ್ತು. ಬೇಸರ ಪಡುವಂಥದ್ದೇನಿಲ್ಲ.

*

ಈಗ ವೇಮಗಲ್ಲಿಗೆ ವಾಪಸ್. ಕೋಲಾರ ಜಿಲ್ಲೆಗೆ ಇಂಥ ರೋಮಾಂಚನ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೦ ಮೈಲಿ ತಂತಿ ಎಳೆದು ಕೆಜಿಎಫ್ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿಗೇ ದೀಪ ಬರುವ ಮೊದಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ೧೯೬೫ರಲ್ಲಿ ಅದೇ ಗಣಿಯ ೨.೩ ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ. ಆಕಾಶವನ್ನು ಪಾತಾಳದಿಂದ ನೋಡಿದ ಊರು ನಮ್ಮದು!

೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ವಿದ್ಯುತ್ತು, ವಿಜ್ಞಾನ, ಚಿನ್ನ ಎಲ್ಲ ಬಂದು ಹೋದ ಮೇಲೆ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು, ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಜನ. ರೋಮಾಂಚನ ಒಂದು ಊರಿಗೆ ಬರುವುದು ಬೇರೆ, ಅಲ್ಲಿ ನಿಲ್ಲುವುದು ಬೇರೆ. ಇದನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

೨೦೨೪ರ ಏಪ್ರಿಲ್ ೭ರಂದು, ಅಮೆರಿಕದ 
ಕಾಲಮಾನದಲ್ಲಿ, ಫ್ಲೋರಿಡಾದಿಂದ ಫಾಲ್ಕನ್-೯ ರಾಕೆಟ್ ಏರಿದಾಗ ಅದರೊಳಗೆ ಟಿಸ್ಯಾಟ್-೧ಎ ಎಂಬ ಉಪಗ್ರಹವಿತ್ತು. ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಕಂಪನಿ ಸ್ಯಾಟೆಲಾಜಿಕ್ ಜೊತೆಗೂಡಿ ಮಾಡಿದ್ದು, ಭೂಮಿಯ ಸ್ಪಷ್ಟ ಚಿತ್ರ ತೆಗೆಯುವಂಥದ್ದು. ಅದನ್ನು ಜೋಡಿಸಿದ್ದು ನಮ್ಮ ವೇಮಗಲ್ಲಿನಲ್ಲಿ. ಇದೇ ನಾನು ಮೊದಲಲ್ಲಿ ಹೇಳಿದ ಸಂಬಂಧ. ಒಂದು ಕಾಲದಲ್ಲಿ ಪೀಣ್ಯವೂ ಬೆಂಗಳೂರಿನ ಹೊರಗಿನ ಒಂದು ಕೈಗಾರಿಕಾ ವಸಾಹತೇ ಆಗಿತ್ತಲ್ಲ?

ವೇಮಗಲ್ ನಾಳೆಯ ಪೀಣ್ಯ ಆಗುತ್ತೋ, ಇನ್ನೊಂದು ಕೆಜಿಎಫ್ ಆಗುತ್ತೋ ಅನ್ನುವುದು ರಾಕೆಟ್ಟಿನಿಂದ ತೀರ್ಮಾನವಾಗುವ ವಿಷಯ ಅಲ್ಲ. ಕೈಗಾರಿಕಾ ಪ್ರದೇಶಕ್ಕೆ ಹೊಲ ಕೊಟ್ಟವರ ಮಕ್ಕಳು ಗೇಟಿನಲ್ಲಿ ಟೋಪಿ ಹಾಕಿ ನಿಲ್ಲುತ್ತಾರೋ, ಒಳಗಿನ ಬಿಳಿ ಕೋಣೆಯಲ್ಲಿ ಸ್ಕ್ರೂ ಬಿಗಿಯುತ್ತಾರೋ, ಲೆಕ್ಕ ಬರೆಯುತ್ತಾರೋ ಅನ್ನುವುದರಿಂದ ತೀರ್ಮಾನವಾಗುತ್ತದೆ. ಅದಕ್ಕೆ ಬೇಕಾದದ್ದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಬ್ಬ ಒಳ್ಳೆಯ ಗಣಿತದ ಮೇಷ್ಟ್ರು, ಒಂದು ಪ್ರಯೋಗಾಲಯ, ಮತ್ತು ವಿಜ್ಞಾನವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪುಸ್ತಕ. ಈ ಕೊನೆಯದರಲ್ಲಿ ಕನ್ನಡದಲ್ಲಿ ಬರೆಯುವ ನಮ್ಮ ಪಾಲೂ ಇದೆ ಅಂತ ನನಗನ್ನಿಸುತ್ತೆ. ಆಗಸ್ಟ್ ೨೩ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಅವತ್ತು ಶಾಲೆಗಳಲ್ಲಿ ಭಾಷಣ ಇರುತ್ತೆ, ರಂಗೋಲಿ ಇರುತ್ತೆ. ಆ ದಿನ ಮಕ್ಕಳಿಗೆ ಪ್ರಗ್ಯಾನ್ ಬಗ್ಗೆ ಹೇಳುವಾಗ ಚಳ್ಳಕೆರೆಯ ಗುಳಿಗಳ ಬಗ್ಗೆ, ಬಲೂನು ಕಟ್ಟಿದ ಬಂಡಿಯ ಬಗ್ಗೆ, ಕಾವಲಿನ ಹುಲ್ಲಿನ ಬಗ್ಗೆಯೂ ಹೇಳೋಣ. ಚಂದ್ರ ದೂರ ಇದ್ದಾನೆ ನಿಜ, ಆದರೆ ಅಲ್ಲಿಗೆ ಹೋಗುವ ದಾರಿ ನಮ್ಮ ಹೊಲಗಳ ನಡುವೆಯೇ ಹಾದುಹೋಗಿದೆ ಅಂತ ಅವರಿಗೆ ಗೊತ್ತಾಗಲಿ.

ಇಸ್ರೋ ಈಗ ಜಪಾನಿನ ಜೊತೆ ಸೇರಿ ಇನ್ನೂ ದೊಡ್ಡ ರೋವರ್ ಚಂದ್ರನಿಗೆ ಕಳಿಸುವ ತಯಾರಿಯಲ್ಲಿದೆ. ಆಗ ಮತ್ತೆ ನಾವೆಲ್ಲ ಉಸಿರು ಹಿಡಿದು ಕೂರುತ್ತೇವೆ. ಕೂರಲೇಬೇಕು, ಆ ಕೆಲವು ನಿಮಿಷದ ಸುಖ ಬಿಡುವಂಥದ್ದಲ್ಲ. ಪ್ರಗ್ಯಾನ್ ಮಾತ್ರ ಇನ್ನು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ. ಪೀಣ್ಯದಲ್ಲಿ ಮಾಡಿದ ಕಣ್ಣುಗಳನ್ನಿಟ್ಟುಕೊಂಡು, ತಾನು ನಡೆದ ನೂರು ಮೀಟರಿನ ಗಾಲಿ ಗುರುತಿನ ಕೊನೆಯಲ್ಲಿ ನಿಂತಿದೆ. ಹುಣ್ಣಿಮೆಯ ದಿನ ಚಂದ್ರನ ಕೆಳ ಅಂಚನ್ನು ಒಮ್ಮೆ ನೋಡಿ. ಬರಿಗಣ್ಣಿಗೇನೂ ಕಾಣುವುದಿಲ್ಲ. ಆದರೆ ಅಲ್ಲೇ ಇದೆ.

ನಿಮ್ಮೂರಿನ ಹೊಲ, ಕಾವಲು, ಶೆಡ್ಡು ಯಾವುದಾದರೂ ಹೀಗೆ ಆಕಾಶದ ಕಥೆಯಲ್ಲಿ ಸೇರಿಕೊಂಡಿದ್ದರೆ ನೀವೂ ಬರೆಯಿರಿ. ಓದಲು ಕಾಯ್ತಿರ್ತೀನಿ.